ಗ್ಯಾರೇಜಿನಲ್ಲಿ ಸತ್ತ ಹಮ್ಮಿಂಗ್‌ಬರ್ಡ್ ಸಿಕ್ಕಿತಾ? ಮೊದಲು ಕಾಯಿರಿ, ಆಮೇಲೆ ಬಾಲ ನೋಡಿ

ಯುಗಾದಿಗೆ ಇನ್ನೊಂದು ವಾರ ಇತ್ತು. ಊರಿಂದ ಅಮ್ಮ ಬಂದಿದ್ದಳು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ) ಮನೆ ಮಾಡಿರುವ ನಮ್ಮಂಥವರಿಗೆ ಗ್ಯಾರೇಜ್ ಎಂದರೆ ಕಾರು ನಿಲ್ಲಿಸುವ ಜಾಗಕ್ಕಿಂತ ಜಾಸ್ತಿ ಅಟ್ಟವೇ ಅಲ್ವಾ, ಅಕ್ಕಿ ಮೂಟೆ, ಹಳೇ ಸೂಟ್‌ಕೇಸು, ದಸರಾ ಗೊಂಬೆಗಳ ಪೆಟ್ಟಿಗೆ ಎಲ್ಲವೂ ಅಲ್ಲೇ. ಹಬ್ಬಕ್ಕೆ ಮುಂಚೆ ಗುಡಿಸಿ ಮುಗಿಸೋಣ ಎಂದು ಶನಿವಾರ ಇಡೀ ದಿನ ಬಾಗಿಲು ತೆಗೆದಿಟ್ಟು ಸಂಜೆ ಮುಚ್ಚಿದೆವು. ಭಾನುವಾರ ಬೆಳಗ್ಗೆ ತೊಗರಿಬೇಳೆ ತರಲು ಹೋದ ಅಮ್ಮ ಅಲ್ಲಿಂದಲೇ ಕೂಗಿದಳು. "ಬಾರೇ ಇಲ್ಲಿ, ಸೂರಕ್ಕಿ ಸತ್ತು ಬಿದ್ದಿದೆ ಕಣೇ!"

ವಾಷಿಂಗ್ ಮೆಷಿನ್ ಪಕ್ಕ, ನೆಲದ ಮೇಲೆ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಹಸಿರು ಹಕ್ಕಿ. ಸೂರಕ್ಕಿ ಅಲ್ಲ, ಹಮ್ಮಿಂಗ್‌ಬರ್ಡ್. ಅವತ್ತು ನಾನು ಮಾಡಿದ ತಪ್ಪುಗಳು ಎರಡು ಮೂರು ಇವೆ. ಆಮೇಲೆ ಪರಿಚಯದವರು ಇಬ್ಬರು ಇದೇ ಥರ ಫೋಟೋ ಕಳಿಸಿ "ಇದು ಯಾವುದು, ಏನು ಮಾಡಲಿ" ಎಂದು ಕೇಳಿದರು. ಅದಕ್ಕೇ ಇದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ಹಕ್ಕಿ ಗುರುತಿಸುವ ಪುಸ್ತಕಗಳೆಲ್ಲ ಹಾರುವ ಹಕ್ಕಿಯನ್ನು ದೂರದಿಂದ ನೋಡುವವರಿಗೆ ಬರೆದವು. ಕಣ್ಣೆದುರಿಗೆ ಅಲ್ಲಾಡದೆ ಬಿದ್ದಿರುವ ಹಕ್ಕಿಯ ವಿಷಯ ಬೇರೆ. ಅದರ ಬಣ್ಣ ಮೋಸ ಮಾಡುತ್ತದೆ, ಬಾಲ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ.

ಮೊದಲನೆಯದು: ಸತ್ತಿದೆ ಎಂದು ಅಷ್ಟು ಬೇಗ ಅಂದುಕೊಳ್ಳಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಹಮ್ಮಿಂಗ್‌ಬರ್ಡ್‌ಗೆ ಒಂದು ವಿಚಿತ್ರ ಅಭ್ಯಾಸ ಇದೆ. ಚಳಿ ಜಾಸ್ತಿಯಾದಾಗ, ಹೊಟ್ಟೆಗೆ ಸಾಲದಾದಾಗ, ರಾತ್ರಿ ಹೊತ್ತು ಅದು ತನ್ನ ಮೈಯ ಬಿಸಿಯನ್ನೇ ಇಳಿಸಿಕೊಂಡು ಮರಗಟ್ಟಿದಂತೆ ಕೂತುಬಿಡುತ್ತದೆ. ಇದಕ್ಕೆ ಟಾರ್ಪರ್ ಎನ್ನುತ್ತಾರೆ. ಎಚ್ಚರ ಇರುವಾಗ ಅದರ ಮೈ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಹಾರುವಾಗ ಎದೆ ನಿಮಿಷಕ್ಕೆ ಸಾವಿರ ಸಲಕ್ಕೂ ಹೆಚ್ಚು ಬಡಿಯುತ್ತದೆ. ಟಾರ್ಪರ್‌ನಲ್ಲಿ ಆ ಬಡಿತ ಐವತ್ತರ ಆಸುಪಾಸಿಗೆ ಇಳಿಯಬಹುದು. ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಮ್ಮಿಂಗ್‌ಬರ್ಡ್‌ನ ಮೈ ರಾತ್ರಿ ಸುಮಾರು 3.3 ಡಿಗ್ರಿಗೆ ಇಳಿದದ್ದನ್ನು ಅಳೆದು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಫ್ರಿಜ್ಜಿನಲ್ಲಿಟ್ಟ ಹಾಲಿನಷ್ಟು ತಣ್ಣಗೆ, ಆದರೂ ಜೀವಂತ. ಬೆಳಗ್ಗೆ ಎದ್ದು ಹೂವಿಗೆ ಹೋಗುತ್ತದೆ.

ಹಾಗಾಗಿ ಚಳಿಯ ಬೆಳಗಿನಲ್ಲಿ ತಣ್ಣಗೆ, ಕಣ್ಣು ಮುಚ್ಚಿಕೊಂಡು, ಮುಟ್ಟಿದರೂ ಅಲ್ಲಾಡದ ಹಮ್ಮಿಂಗ್‌ಬರ್ಡ್ ಸಿಕ್ಕರೆ ಅದು ಸತ್ತೇ ಇರಬೇಕೆಂದಿಲ್ಲ. ಹಕ್ಕಿಗೆಂದು ಸಕ್ಕರೆ ನೀರು ತುಂಬಿಡುವ ಫೀಡರ್‌ನ ಕಡ್ಡಿಗೆ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿದ್ದರೂ ಅಷ್ಟೇ, ಕೀಳಲು ಹೋಗಬೇಡಿ, ಬಿಸಿಲು ಬಿದ್ದ ಮೇಲೆ ತಾನೇ ಹಾರಿಹೋಗಬಹುದು.

ನೆಲದ ಮೇಲೆ ಬಿದ್ದಿದ್ದರೆ ಹೀಗೆ ಮಾಡಿ. ಬರಿಗೈ ಬೇಡ, ತೆಳು ಕೈಗವಸು ಹಾಕಿಕೊಳ್ಳಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಕವರನ್ನೇ ಕೈಗೆ ತೊಟ್ಟುಕೊಳ್ಳಿ. ಹಕ್ಕಿ ಜ್ವರದ ಕಾಲದಲ್ಲಿ ಯಾವ ಹಕ್ಕಿಯಾದರೂ ಇಷ್ಟು ಎಚ್ಚರ ಒಳ್ಳೆಯದೇ. ಚಿಕ್ಕ ರಟ್ಟಿನ ಡಬ್ಬಿಯಲ್ಲಿ ಮೆತ್ತನೆ ಬಟ್ಟೆ ಹಾಸಿ (ಟರ್ಕಿ ಟವೆಲ್ ಬೇಡ, ಅದರ ಎಳೆಗೆ ಉಗುರು ಸಿಕ್ಕಿಹಾಕಿಕೊಳ್ಳುತ್ತದೆ) ಅದರಲ್ಲಿ ಮಲಗಿಸಿ, ಮುಚ್ಚಳದಲ್ಲಿ ನಾಲ್ಕು ತೂತು ಮಾಡಿ, ಮಕ್ಕಳು, ಬೆಕ್ಕು, ಟಿವಿ ಸದ್ದು ಯಾವುದೂ ಇಲ್ಲದ ಬೆಚ್ಚಗಿನ ಕೋಣೆಯಲ್ಲಿಡಿ. ಒಂದು ಗಂಟೆ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕಬೇಡಿ. ನಾನು ಇಣುಕಿದೆ, ಅದು ತಪ್ಪು, ಎಚ್ಚರವಾಗುತ್ತಿರುವ ಹಕ್ಕಿಗೆ ನಮ್ಮ ದೊಡ್ಡ ಮುಖ ಕಂಡರೆ ಆಗುವ ಗಾಬರಿಯೇ ಸಾಕು. ಕೊಕ್ಕಿಗೆ ಸಕ್ಕರೆ ನೀರು ಹನಿಸುವುದೂ ಬೇಡ. ಪ್ರಜ್ಞೆ ಇಲ್ಲದ ಹಕ್ಕಿಗೆ ಅದು ಶ್ವಾಸಕ್ಕೆ ಹೋಗುತ್ತದೆ, ಅಮ್ಮ ಚಮಚ ಹಿಡಿದು ನಿಂತಿದ್ದಳು, ತಡೆಯಲು ಸಾಕುಸಾಕಾಯಿತು. ಹೇರ್ ಡ್ರೈಯರ್, ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದ ಬಟ್ಟೆ, ಇವೆಲ್ಲ ಬೇಡವೇ ಬೇಡ.

ಗಂಟೆಯ ನಂತರ ಎದ್ದು ಕೂತಿದ್ದರೆ, ಡಬ್ಬಿಯನ್ನು ಹೊರಗೆ ಒಯ್ದು ಮುಚ್ಚಳ ತೆಗೆಯಿರಿ. ಉಸಿರಾಡುತ್ತಿದೆ ಆದರೆ ಹಾರುತ್ತಿಲ್ಲ ಎಂದರೆ ವನ್ಯಜೀವಿ ಆಸ್ಪತ್ರೆಗೆ ಫೋನ್ ಮಾಡಿ. ಬೇ ಏರಿಯಾದಲ್ಲಿ ವಾಲ್ನಟ್ ಕ್ರೀಕ್‌ನ ಲಿಂಡ್ಸೆ, ಸ್ಯಾನ್ ರಫೆಲ್‌ನ ವೈಲ್ಡ್‌ಕೇರ್ ಇವೆ. ಬೇರೆ ಕಡೆ ಇರುವವರು ತಮ್ಮ ಊರಿನ ಹೆಸರಿನ ಜೊತೆ ವೈಲ್ಡ್‌ಲೈಫ್ ರಿಹ್ಯಾಬ್ ಎಂದು ಹುಡುಕಿದರೆ ಸಿಗುತ್ತದೆ. ಬೆಕ್ಕು ಕಚ್ಚಿದ್ದು ಗೊತ್ತಿದ್ದರೆ, ಮೇಲೆ ಗಾಯ ಕಾಣದಿದ್ದರೂ ಕಾಯದೆ ಫೋನ್ ಮಾಡಿ. ಬೆಕ್ಕಿನ ಹಲ್ಲಿನ ನಂಜಿಗೆ ಔಷಧ ಬೇಕೇ ಬೇಕು.

ಗಂಟೆಯ ಮೇಲೂ ಎದೆ ಆಡುತ್ತಿಲ್ಲ, ಕಣ್ಣು ಗುಳಿ ಬಿದ್ದಿದೆ, ಕಾಲು ಸೆಟೆದಿದೆ, ಇರುವೆ ಬಂದಿದೆ. ಹಾಗಾದರೆ ಮುಗಿದಿದೆ. ನಮ್ಮದು ಹಾಗೇ ಆಗಿತ್ತು.

ಫೋಟೋ, ಬೇರೆ ಏನು ಮಾಡುವುದಕ್ಕೂ ಮುಂಚೆ

ಬಿಳಿ ಹಾಳೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ನಾಣ್ಯ ಇಡಿ. ಅಮೆರಿಕದ ಪೆನ್ನಿ 19 ಮಿಲಿಮೀಟರ್ ಅಗಲ, ಅಳತೆಗೆ ಅಷ್ಟು ಸಾಕು. ತೂಕದ ಅಂದಾಜಿಗೂ ನಾಣ್ಯವೇ ಸುಲಭ, ಪೆನ್ನಿ 2.5 ಗ್ರಾಂ, ಐದು ಸೆಂಟಿನ ನಿಕಲ್ ಸರಿಯಾಗಿ 5 ಗ್ರಾಂ. ನಮ್ಮ ಕಡೆ ಎಲ್ಲೆಲ್ಲೂ ಕಾಣುವ ಆನಾಸ್ ಹಮ್ಮಿಂಗ್‌ಬರ್ಡ್ ಒಂದು ನಿಕಲ್‌ಗಿಂತ ಕಡಿಮೆ ತೂಗುತ್ತದೆ, ನಾಲ್ಕು ಗ್ರಾಂ ಚಿಲ್ಲರೆ ಅಷ್ಟೇ.

ಬೆನ್ನಿನ ಕಡೆಯಿಂದ ಒಂದು, ಹೊಟ್ಟೆಯ ಕಡೆಯಿಂದ ಒಂದು, ಕೊಕ್ಕು ಪಕ್ಕದಿಂದ ಒಂದು. ಗಂಟಲಿನದು ಮಾತ್ರ ನಾಲ್ಕೈದು, ಬೆಳಕಿನ ಕೋನ ಬದಲಿಸುತ್ತಾ. ಕೊನೆಗೆ ಬಾಲವನ್ನು ಬೀಸಣಿಗೆಯ ಹಾಗೆ ಮೆಲ್ಲಗೆ ಬಿಡಿಸಿ ಮೇಲಿನಿಂದ, ಕೆಳಗಿನಿಂದ. ಈ ಕೊನೆಯ ಎರಡು ಫೋಟೋ ಇಲ್ಲದಿದ್ದರೆ ಉಳಿದವೆಲ್ಲ ಇದ್ದೂ ಎಷ್ಟೋ ಸಲ ಉಪಯೋಗಕ್ಕೆ ಬರುವುದಿಲ್ಲ. ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ತಾರೀಖು, ಊರು, ಸಿಕ್ಕ ಜಾಗ, ಹೇಗೆ ಸತ್ತಿರಬಹುದು ಎಂದು ಬರೆದು ಜೊತೆಗಿಡಿ. ಪೆನ್ ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ.

ಈಗ, ಇದು ಹಮ್ಮಿಂಗ್‌ಬರ್ಡೇ ಹೌದಾ?

ನಗಬೇಡಿ. ನನಗೆ ಬಂದ ಎರಡು ಫೋಟೋಗಳಲ್ಲಿ ಒಂದು ಪತಂಗ. ಸ್ಫಿಂಕ್ಸ್ ಮಾತ್ ಎಂಬ ದಪ್ಪ ಮೈಯ ಪತಂಗ ಹೂವಿನ ಮುಂದೆ ಥೇಟ್ ಹಮ್ಮಿಂಗ್‌ಬರ್ಡ್ ಹಾಗೇ ನಿಂತು ಹಾರುತ್ತದೆ, ಸತ್ತು ಬಿದ್ದಾಗಲೂ ದೂರದಿಂದ ಹಾಗೇ ಕಾಣುತ್ತದೆ. ಮೀಸೆ ಇದೆಯಾ, ಆರು ಕಾಲಿವೆಯಾ, ಕೊಕ್ಕು ಇರಬೇಕಾದ ಕಡೆ ಸುರುಳಿ ಸುತ್ತಿದ ನಳಿಕೆ ಇದೆಯಾ ನೋಡಿ. ಇದ್ದರೆ ಪತಂಗ, ಇಲ್ಲಿಗೆ ಓದುವುದು ನಿಲ್ಲಿಸಬಹುದು.

ಅಮ್ಮನ ಸೂರಕ್ಕಿ ವಿಷಯಕ್ಕೆ ಬರೋಣ, ಯಾಕೆಂದರೆ ಊರಿಂದಲೂ "ನಮ್ಮನೆ ದಾಸವಾಳಕ್ಕೆ ಹಮ್ಮಿಂಗ್‌ಬರ್ಡ್ ಬಂದಿತ್ತು" ಎಂಬ ವಿಡಿಯೋಗಳು ಬರುತ್ತಲೇ ಇರುತ್ತವೆ. ಹಮ್ಮಿಂಗ್‌ಬರ್ಡ್‌ಗಳಲ್ಲಿ 360ಕ್ಕೂ ಹೆಚ್ಚು ಜಾತಿಗಳಿವೆ, ಎಲ್ಲವೂ ಅಮೆರಿಕ ಖಂಡಗಳಲ್ಲೇ, ಅಲಾಸ್ಕಾದಿಂದ ಹಿಡಿದು ದಕ್ಷಿಣದ ತುದಿಯ ಟಿಯೆರಾ ಡೆಲ್ ಫ್ಯೂಗೊವರೆಗೆ. ಭಾರತದಲ್ಲಿ ಒಂದೂ ಇಲ್ಲ. ನಮ್ಮ ಸೂರಕ್ಕಿ ಇನ್ನೊಂದೇ ವಂಶ, ಇಬ್ಬರೂ ಮಕರಂದ ಕುಡಿದೂ ಕುಡಿದೂ ಒಂದೇ ಥರ ಆಗಿದ್ದಾರೆ ಅಷ್ಟೇ. ಸೂರಕ್ಕಿಯ ಕೊಕ್ಕು ಕೆಳಕ್ಕೆ ಬಾಗಿರುತ್ತದೆ, ನಮ್ಮ ಈ ಕಡೆಯ ಹಮ್ಮಿಂಗ್‌ಬರ್ಡ್‌ಗಳದು ಹೆಚ್ಚುಕಡಿಮೆ ನೇರ, ಸೂಜಿಯ ಹಾಗೆ. ಸೂರಕ್ಕಿ ಕೊಂಬೆಗೆ ಆತುಕೊಂಡು ಕುಡಿಯುತ್ತದೆ, ಅದರ ಕಾಲು ಗಟ್ಟಿ. ಹಮ್ಮಿಂಗ್‌ಬರ್ಡ್ ಕಾಲು ಎಷ್ಟು ಸಣ್ಣದೆಂದರೆ ಹೊಟ್ಟೆಯ ಗರಿಯೊಳಗೆ ಹುಡುಕಬೇಕು. ಬಾಲದ ಗರಿ ಎಣಿಸಿದರೆ ಸೂರಕ್ಕಿಗೆ ಹನ್ನೆರಡು, ಹಮ್ಮಿಂಗ್‌ಬರ್ಡ್‌ಗೆ ಹತ್ತು. ನಾನು ಅಮ್ಮನ ಮುಂದೆ ಎಣಿಸಿ ತೋರಿಸಿದೆ. "ಹೋಗ್ಲಿ ಬಿಡು, ಇಲ್ಲಿನ ಸೂರಕ್ಕಿ ಅಂದ್ಕೋ" ಎಂದಳು.

ಬಣ್ಣ ಯಾಕೆ ಮೋಸ ಮಾಡುತ್ತದೆ

ಗಂಡು ಹಮ್ಮಿಂಗ್‌ಬರ್ಡ್‌ನ ಗಂಟಲಿನ ಕೆಂಪು, ನೇರಳೆ ಎಲ್ಲ ಗರಿಗೆ ಹಚ್ಚಿದ ಬಣ್ಣ ಅಲ್ಲ. ಗರಿಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಪ್ಪಟೆ ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿವೆ, ಬಿಲ್ಲೆಯೊಳಗೆ ಗಾಳಿಯ ಗುಳ್ಳೆಗಳಿವೆ. ಬೆಳಕು ಅಲ್ಲಿ ಬಡಿದು ಒಂದು ಕೋನದಲ್ಲಿ ಮಾತ್ರ ಉರಿಯುವ ಬಣ್ಣವಾಗಿ ವಾಪಸ್ ಬರುತ್ತದೆ. ಎರಡು ಬಣ್ಣ ಹೊಡೆಯುವ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ ಹಾಗೆ. ಕೋನ ತಪ್ಪಿದರೆ ಅದೇ ಗಂಟಲು ಕಪ್ಪು, ಮಸಿ ಕಪ್ಪು. "ಕಪ್ಪು ಗಂಟಲಿನ ಹಕ್ಕಿ" ಎಂದು ಹುಡುಕಲು ಹೊರಟು ದಾರಿ ತಪ್ಪುವವರೇ ಜಾಸ್ತಿ. ಆದ್ದರಿಂದ ಕಿಟಕಿಯ ಹತ್ತಿರ ಬೆಳಕನ್ನು ಬೆನ್ನ ಹಿಂದೆ ಇಟ್ಟುಕೊಂಡು, ಹಕ್ಕಿಯ ಕೊಕ್ಕನ್ನು ನಿಮ್ಮ ಕಡೆಗೆ ಮಾಡಿ ನಿಧಾನ ತಿರುಗಿಸಿ. ಒಂದು ಕ್ಷಣ ಕೆಂಡದ ಹಾಗೆ ಹೊತ್ತಿಕೊಂಡರೆ ಹೆಚ್ಚುಕಡಿಮೆ ಗಂಡು ಎಂದೇ ಲೆಕ್ಕ, ಯಾವ ಬಣ್ಣಕ್ಕೆ ಹೊತ್ತಿಕೊಂಡಿತು ಎಂಬುದರಿಂದ ಜಾತಿಯೂ ಅರ್ಧ ಗೊತ್ತಾದಂತೆ.

ಗಂಟಲು ಮಾತ್ರವಲ್ಲ, ನೆತ್ತಿಯೂ ಗುಲಾಬಿ ಕೆಂಪಾಗಿ ಹೊಳೆದರೆ ಆನಾಸ್. ಕಿತ್ತಳೆ ಮಿಶ್ರಿತ ಕೆಂಪು ಗಂಟಲು, ಪಕ್ಕೆ ಮತ್ತು ಬಾಲ ಇಟ್ಟಿಗೆ ಬಣ್ಣ ಇದ್ದರೆ ಅಲೆನ್ಸ್ ಅಥವಾ ರೂಫಸ್. ಗಲ್ಲ ಕಪ್ಪಾಗಿದ್ದು ಅದರ ಕೆಳಗಿನ ಅಂಚು ಮಾತ್ರ ನೇರಳೆ ಪಟ್ಟಿಯಾದರೆ ಬ್ಲ್ಯಾಕ್‌ಚಿನ್ಡ್. ನೆತ್ತಿ, ಗಂಟಲು ಎರಡೂ ನೇರಳೆಯಾಗಿ, ಗಂಟಲಿನ ಗರಿ ಎರಡೂ ಕಡೆ ಹುರಿಮೀಸೆಯಂತೆ ಇಳಿದಿದ್ದರೆ ಕಾಸ್ಟಾಸ್, ಅದು ದಕ್ಷಿಣದ ಮರುಭೂಮಿ ಕಡೆಯದು. ಬಿಳಿ ಗಂಟಲಿನ ಮೇಲೆ ನೇರಳೆಗೆಂಪು ಗೆರೆಗೆರೆ ಇದ್ದರೆ ಕ್ಯಾಲಿಯೊಪಿ, ಇಡೀ ಅಮೆರಿಕ ದೇಶದಲ್ಲೇ ಅತಿ ಸಣ್ಣ ಹಕ್ಕಿ.

ಗಂಡಿನ ಕಥೆ ಇಷ್ಟೇ, ಇದು ಸುಲಭ. ಹೆಣ್ಣು ಮತ್ತು ಮರಿಗಳೋ, ಎಲ್ಲವೂ ಬೆನ್ನು ಹಸಿರು, ಹೊಟ್ಟೆ ಮಾಸಲು. ನಮ್ಮ ಗ್ಯಾರೇಜಿನದೂ ಹೀಗೇ ಇತ್ತು. ನಾನು ಎರಡನೇ ತಪ್ಪು ಮಾಡಿದ್ದು ಇಲ್ಲೇ. ಇಲ್ಲಿ ವರ್ಷವಿಡೀ ಇರುವುದು ಆನಾಸ್ ತಾನೇ ಎಂದು ಬಾಲ ನೋಡದೆ "ಆನಾಸ್ ಹೆಣ್ಣು" ಎಂದು ಬರೆದುಬಿಟ್ಟೆ.

ಬಾಲ ನೋಡುವುದು ಹೇಗೆ

ಬಾಲ ಬಿಡಿಸಿ, ಗರಿಗಳ ಬುಡ ನೋಡಿ. ಕೇಳಬೇಕಾದ್ದು ಒಂದೇ ಪ್ರಶ್ನೆ. ಬುಡದಲ್ಲಿ ಇಟ್ಟಿಗೆ ಬಣ್ಣ ಇದೆಯಾ ಇಲ್ಲವಾ? ಪಲಾವ್‌ಗೆ ಹಾಕುವ ಚಕ್ಕೆಯ ಬಣ್ಣ ಎಂದರೂ ಸರಿ.

ಇಲ್ಲ, ಬುಡ ಬೂದು ಅಥವಾ ಹಸಿರು, ಮಧ್ಯೆ ಕಪ್ಪು, ತುದಿ ಬಿಳಿ ಎಂದಾದರೆ ಆನಾಸ್, ಬ್ಲ್ಯಾಕ್‌ಚಿನ್ಡ್ ಅಥವಾ ಕಾಸ್ಟಾಸ್ ಹೆಣ್ಣು. ಆನಾಸ್ ಸ್ವಲ್ಪ ದಪ್ಪ, ಸುಮಾರು 10 ಸೆಂಟಿಮೀಟರ್ ಉದ್ದ, ಹೊಟ್ಟೆ ಕೊಳೆ ಬೂದು, ಗಂಟಲಿನ ನಡುವೆ ಎಷ್ಟೋ ಸಲ ಕುಂಕುಮದ ಬೊಟ್ಟಿನಂತೆ ಕೆಂಪು ಚುಕ್ಕೆಗಳ ಗುಂಪು ಇರುತ್ತದೆ. ಬ್ಲ್ಯಾಕ್‌ಚಿನ್ಡ್ ತೆಳು ಮೈ, ಹೊಟ್ಟೆ ಬೆಳ್ಳಗೆ, ಕೊಕ್ಕು ಉದ್ದ. ಅನುಮಾನ ಉಳಿದರೆ ರೆಕ್ಕೆ ಬಿಡಿಸಿ. ಬ್ಲ್ಯಾಕ್‌ಚಿನ್ಡ್‌ಗೆ ರೆಕ್ಕೆಯ ಹತ್ತು ದೊಡ್ಡ ಗರಿಗಳಲ್ಲಿ ಮೈ ಕಡೆಯ ಆರು, ಹೊರಗಿನ ನಾಲ್ಕಕ್ಕಿಂತ ಕಣ್ಣಿಗೆ ಹೊಡೆಯುವಷ್ಟು ಕಿರಿದು. ಹಾರುವ ಹಕ್ಕಿಯಲ್ಲಿ ಇದನ್ನು ನೋಡಲು ತಿಣುಕಬೇಕು, ಇಲ್ಲಿ ಸುಮ್ನೆ ಬಿಡಿಸಿದರೆ ಕಾಣುತ್ತದೆ. ತಿಂಗಳೂ ನೋಡಿ. ಡಿಸೆಂಬರ್‌ನಲ್ಲಿ ಬೇ ಏರಿಯಾದಲ್ಲಿ ಸಿಕ್ಕರೆ ಆನಾಸ್ ಎಂದು ಹೊರಡುವುದೇ ಸರಿ, ಬ್ಲ್ಯಾಕ್‌ಚಿನ್ಡ್ ಬೇಸಿಗೆಯ ಅತಿಥಿ.

ಇದೆ, ಬುಡದಲ್ಲಿ ಇಟ್ಟಿಗೆ ಬಣ್ಣ ಇದೆ, ಪಕ್ಕೆಯಲ್ಲೂ ಅದೇ ಬಣ್ಣದ ಛಾಯೆ ಇದೆ ಎಂದಾದರೆ ಅಲೆನ್ಸ್ ಅಥವಾ ರೂಫಸ್. ನಮ್ಮದು ಇದು. ಸಂಜೆ ಬಾಲದ ಫೋಟೋ ದೊಡ್ಡದು ಮಾಡಿ ನೋಡಿದಾಗ ಬುಡದಲ್ಲಿ ಚಕ್ಕೆ ಬಣ್ಣ ಸ್ಪಷ್ಟ ಕಂಡಿತು, ಬರೆದದ್ದನ್ನು ಹೊಡೆದುಹಾಕಿದೆ. ಅಲೆನ್ಸ್ ಕ್ಯಾಲಿಫೋರ್ನಿಯಾದ ಕರಾವಳಿ ಪಟ್ಟಿಯಲ್ಲಿ ಗೂಡು ಕಟ್ಟುವ ಹಕ್ಕಿ, ಜನವರಿ ಫೆಬ್ರವರಿಗೆಲ್ಲ ಮೆಕ್ಸಿಕೊದಿಂದ ಬರಲು ಶುರು. ರೂಫಸ್ ಕೂಡ ಅದೇ ವಸಂತದಲ್ಲಿ ಇದೇ ದಾರಿಯಲ್ಲಿ ಉತ್ತರಕ್ಕೆ ಹೋಗುತ್ತದೆ, ಕೆಲವು ಅಲಾಸ್ಕಾದವರೆಗೂ. ಮೂರೂವರೆ ಗ್ರಾಂ ಜೀವ!

ಇವೆರಡನ್ನು ಬೇರೆ ಮಾಡುವುದು ತಲೆನೋವಿನ ಕೆಲಸ. ಬೆಳೆದ ಗಂಡಾದರೆ, ಬೆನ್ನು ಪೂರ್ತಿ ಇಟ್ಟಿಗೆ ಬಣ್ಣ ಇದ್ದರೆ ರೂಫಸ್. ಬೆನ್ನು ಹಸಿರಿದ್ದರೆ ಬಹುಪಾಲು ಅಲೆನ್ಸ್, ಆದರೆ ಹಸಿರು ಬೆನ್ನಿನ ರೂಫಸ್ ಗಂಡುಗಳೂ ಇವೆ, ಅದಕ್ಕೇ ಅಲ್ಲೂ ಬಾಲಕ್ಕೇ ಬರಬೇಕು. ಅಲೆನ್ಸ್ ಗಂಡಿನ ಅತಿ ಹೊರಗಿನ ಬಾಲದ ಗರಿ ಸೂಜಿಯಂತೆ ಕಿರಿದು. ರೂಫಸ್ ಗಂಡಿನಲ್ಲಿ, ನಡುವಿನಿಂದ ಎರಡನೆಯ ಗರಿಯ ತುದಿಯ ಹತ್ತಿರ ಯಾರೋ ಉಗುರಿನಿಂದ ಚಿವುಟಿದಂತೆ ಒಂದು ಕಚ್ಚು ಇರುತ್ತದೆ. ಹೆಣ್ಣುಗಳಲ್ಲಿ ಈ ಗುರುತುಗಳು ಮಬ್ಬು, ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು, ಅದೂ ವಯಸ್ಸಿನ ಮೇಲೆ ಬದಲಾಗುತ್ತದೆ. ಮನೆಯಲ್ಲಿ ಕೂತು ಇಲ್ಲಿಗೇ ನಿಲ್ಲಿಸುವುದು ಮರ್ಯಾದೆ. ಎರಡೂ ಸೇರಿದ ಕುಲಕ್ಕೆ ಸೆಲಾಸ್ಫೊರಸ್ ಎಂದು ಹೆಸರು, ಅಷ್ಟು ಬರೆದರೆ ತಪ್ಪಾಗುವುದಿಲ್ಲ. ಕಂಡ ಜೀವಿಗಳ ಫೋಟೋ ಹಾಕಿದರೆ ಬೇರೆಯವರು ಗುರುತಿಸಿಕೊಡುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ನಾನು ಹಾಗೆಯೇ ಹಾಕಿದೆ. ಸತ್ತ ಜೀವಿಯ ಫೋಟೋವನ್ನೂ ಅಲ್ಲಿ ಹಾಕಬಹುದು, "ಸತ್ತಿದೆ" ಎಂದು ಗುರುತು ಮಾಡಲು ಜಾಗ ಇದೆ. ಒಬ್ಬರು ಅಲೆನ್ಸ್ ಎಂದರು, ಇನ್ನೊಬ್ಬರು ಅಷ್ಟು ಖಾತ್ರಿ ಹೇಗೆ ಎಂದರು, ಇವತ್ತಿಗೂ ಅದು ಸೆಲಾಸ್ಫೊರಸ್ ಆಗೇ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದವರ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್‌ಗೂ ಫೋಟೋ ಕೊಡಬಹುದು. ಆದರೆ ಅದು ಒಂದು ಹೆಸರು ಹೇಳಿತು ಎಂದು ನೀವು ಬಾಲ ನೋಡುವುದನ್ನು ಬಿಡಬೇಡಿ.

ಇನ್ನೊಂದು ಸಣ್ಣ ಮಜಾ ಇದೆ. ಭೂತಗನ್ನಡಿ ಇದ್ದರೆ ಮೇಲಿನ ಕೊಕ್ಕಿನ ಪಕ್ಕ ನೋಡಿ. ಸಣ್ಣ ಸಣ್ಣ ಗೀರುಗಳು ಉದ್ದಕ್ಕೂ ಇದ್ದರೆ ಅದು ಆ ವರ್ಷ ಹುಟ್ಟಿದ ಮರಿ, ನಯವಾಗಿದ್ದರೆ ದೊಡ್ಡದು. ಹಕ್ಕಿಗೆ ಉಂಗುರ ತೊಡಿಸುವವರು ವಯಸ್ಸು ನೋಡುವುದು ಹೀಗೆಯೇ. ನಮ್ಮದರ ಕೊಕ್ಕು ನಯವಾಗಿತ್ತು.

ಕ್ಯಾಲಿಫೋರ್ನಿಯಾ ಬಿಟ್ಟು ಬೇರೆ ಕಡೆ ಇರುವವರಿಗೆ

ನ್ಯೂಜೆರ್ಸಿ, ಕೆರೊಲಿನಾ, ಚಿಕಾಗೊ, ಟೊರೊಂಟೊ ಕಡೆಯವರಿಗೆ ಕೆಲಸ ಕಡಿಮೆ. ಪೂರ್ವದಲ್ಲಿ ಗೂಡು ಕಟ್ಟುವುದು ರೂಬಿ ಥ್ರೋಟೆಡ್ ಒಂದೇ. ಆದರೆ ನವೆಂಬರ್ ಕಳೆದ ಮೇಲೆ ಸಿಕ್ಕರೆ ಕಣ್ಣುಮುಚ್ಚಿ ಅದೇ ಹೆಸರು ಬರೆಯಬೇಡಿ, ಆಗ ದಾರಿ ತಪ್ಪಿದ ರೂಫಸ್ ಬರುವುದುಂಟು, ಬಾಲ ನೋಡಿ. ಆಸ್ಟಿನ್, ಡಲ್ಲಾಸ್ ಕಡೆ ರೂಬಿ ಥ್ರೋಟೆಡ್, ಬ್ಲ್ಯಾಕ್‌ಚಿನ್ಡ್ ಎರಡೂ ಇವೆ, ಇವೆರಡರ ಹೆಣ್ಣುಗಳು ಅಕ್ಕತಂಗಿಯರ ಹಾಗೆ. ಸಿಯಾಟಲ್‌ನಲ್ಲಿ ಚಳಿಗಾಲದ್ದು ಆನಾಸ್. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ, ಅದರ ಕೆಳಗಿನ ಮೆಕ್ಸಿಕೊದ ಬಾಹಾ ಕಡೆ ಮಾತ್ರ ಗೂಡು ಕಟ್ಟುತ್ತಿದ್ದ ಹಕ್ಕಿ ಇದು. ಮನೆ ತೋಟದ ಹೂವು, ಫೀಡರ್ ಹಿಡಿದುಕೊಂಡು ಅಷ್ಟು ಉತ್ತರಕ್ಕೆ ಹೋಯಿತು.

ಹೆಣ್ಣಾಗಿದ್ದರೆ ಸುತ್ತ ಒಮ್ಮೆ ನೋಡಿ

ಇದು ನನಗೆ ಎರಡು ದಿನ ತಡವಾಗಿ ಹೊಳೆದದ್ದು, ಮೂರನೇ ತಪ್ಪು. ಹಮ್ಮಿಂಗ್‌ಬರ್ಡ್‌ಗಳಲ್ಲಿ ಗೂಡು, ಕಾವು, ಮರಿಗೆ ಉಣಿಸುವುದು ಎಲ್ಲ ಹೆಣ್ಣಿನದೇ, ಗಂಡು ಆ ಕಡೆ ತಲೆಯೂ ಹಾಕುವುದಿಲ್ಲ. ವಸಂತದಲ್ಲಿ ಬೆಳೆದ ಹೆಣ್ಣು ಸತ್ತಿದೆ ಎಂದರೆ ಹತ್ತಿರದಲ್ಲೇ ಎಲ್ಲೋ ಮೊಟ್ಟೆಯೋ ಮರಿಯೋ ಇರಬಹುದು. ಗೂಡು ಜೇಡರ ಬಲೆಯ ಎಳೆಯಿಂದ ಹೆಣೆದ ಪುಟ್ಟ ಬಟ್ಟಲು, ಮೇಲೆ ಕಲ್ಲುಹೂವಿನ ಚೂರು ಅಂಟಿಸಿರುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಒಂದೊಂದೂ ಅವರೆಕಾಳಿನಷ್ಟು. ಗೂಡು ಕಂಡು ಅದರಲ್ಲಿ ಮರಿ ಇದ್ದರೆ ಕೂಡಲೇ ಎತ್ತಿಕೊಂಡು ಓಡಬೇಡಿ, ಸತ್ತದ್ದು ಆ ಗೂಡಿನ ತಾಯಿಯೇ ಎಂದು ಗ್ಯಾರಂಟಿ ಇಲ್ಲ. ದೂರ ಕೂತು ಒಂದು ಗಂಟೆ ಕಣ್ಣು ಕೀಳದೆ ನೋಡಿ. ತಾಯಿ ಬಂದು ಉಣಿಸಿ ಹೋಗುವುದು ಕೆಲವೇ ಸೆಕೆಂಡು, ಮೊಬೈಲ್ ನೋಡುತ್ತಾ ಕೂತರೆ ತಪ್ಪಿಹೋಗುತ್ತದೆ. ಯಾರೂ ಬರದಿದ್ದರೆ ಮೇಲೆ ಹೇಳಿದ ಆಸ್ಪತ್ರೆಯವರಿಗೆ ಫೋನ್. ನಮ್ಮನೆಯ ನಿಂಬೆ ಗಿಡ, ಪಕ್ಕದವರ ಓಕ್ ಮರ ಎಲ್ಲ ಹುಡುಕಿದೆವು, ಗೂಡು ಕಾಣಲಿಲ್ಲ.

ಇಟ್ಟುಕೊಳ್ಳಬಹುದಾ? ಇಲ್ಲ

ಎಷ್ಟು ಚಂದ ಇದೆ, ಒಣಗಿಸಿ ಗಾಜಿನ ಡಬ್ಬಿಯಲ್ಲಿ ಇಡೋಣ ಎಂದು ಆಸೆ ಆಗುತ್ತದೆ. ಮಗಳಿಗೂ ಆಯಿತು. ಅಮೆರಿಕದಲ್ಲಿ 1918ರ ಮೈಗ್ರೇಟರಿ ಬರ್ಡ್ ಟ್ರೀಟಿ ಆಕ್ಟ್ ಪ್ರಕಾರ ಪರವಾನಗಿ ಇಲ್ಲದೆ ಇಂಥ ಹಕ್ಕಿ, ಅದರ ಗರಿ, ಗೂಡು, ಮೊಟ್ಟೆ ಯಾವುದನ್ನೂ ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಸತ್ತದ್ದು, ನಮ್ಮನೆಯಲ್ಲೇ ಸಿಕ್ಕಿದ್ದು ಎಂದರೂ ನಡೆಯುವುದಿಲ್ಲ. ಸುಮ್ನೆ ಮಾಡಿದ ಕಾನೂನಲ್ಲ ಇದು. ಹೆಂಗಸರ ಟೋಪಿ ಸಿಂಗಾರಕ್ಕೆ ಹಮ್ಮಿಂಗ್‌ಬರ್ಡ್ ಚರ್ಮಗಳನ್ನು ಲಂಡನ್‌ನಲ್ಲಿ ಹರಾಜು ಹಾಕುತ್ತಿದ್ದ ಕಾಲ ಇತ್ತು. ಈಗಲೂ ಒಣಗಿದ ಹಮ್ಮಿಂಗ್‌ಬರ್ಡನ್ನು ಮೆಕ್ಸಿಕೊದಲ್ಲಿ ಚುಪಾರೋಸಾ ಎಂಬ ಹೆಸರಲ್ಲಿ ವಶೀಕರಣದ ತಾಯಿತವಾಗಿ ಮಾರುತ್ತಾರೆ, ಅಮೆರಿಕದೊಳಗೂ ಕದ್ದು ಬರುತ್ತದೆ. ನಿಮ್ಮ ಡಬ್ಬಿಯಲ್ಲಿರುವುದು ಗ್ಯಾರೇಜಿನದೋ ಆ ಸಂತೆಯದೋ ಎಂದು ಯಾರಿಗೆ ಗೊತ್ತಾಗಬೇಕು? ವೀಸಾ ಮೇಲಿರುವವರಿಗಂತೂ ಒಂದು ಹಕ್ಕಿಗೋಸ್ಕರ ಈ ತಲೆನೋವು ಬೇಡ. ಊರಿನ ನೆಂಟರಿಗೆ ತೋರಿಸಲು ಲಗೇಜಿನಲ್ಲಿ ಹಾಕುವ ಯೋಚನೆ ಇದ್ದರೆ ಅದನ್ನು ಇಲ್ಲೇ ಬಿಡಿ. ಅಂದಹಾಗೆ ಊರಿನಲ್ಲೂ ಸತ್ತ ಸೂರಕ್ಕಿಯನ್ನು ಇಟ್ಟುಕೊಳ್ಳಲು ಹೋಗಬೇಡಿ, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ದಾರಿ ಎರಡು. ಒಂದು, ಮ್ಯೂಸಿಯಂ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್, ಬರ್ಕ್ಲಿ ವಿಶ್ವವಿದ್ಯಾಲಯದ ಮ್ಯೂಸಿಯಂ ಆಫ್ ವರ್ಟಿಬ್ರೇಟ್ ಜೂವಾಲಜಿ, ಎರಡೂ ಕಡೆ ಹಕ್ಕಿಗಳ ದೊಡ್ಡ ಸಂಗ್ರಹ ಇದೆ. ಬೇರೆ ರಾಜ್ಯಗಳಲ್ಲೂ ವಿಶ್ವವಿದ್ಯಾಲಯಗಳಲ್ಲಿ ಇಂಥವು ಇರುತ್ತವೆ. ಎತ್ತಿಕೊಂಡು ಹೋಗುವ ಮೊದಲು ಫೋನೋ ಇಮೇಲೋ ಮಾಡಿ ಬೇಕಾ ಎಂದು ಕೇಳಿ, ಅವರು ಹೇಳಿದ ಹಾಗೆ ಮಾಡಿ. ಬೇಕು ಎಂದರೆ ಹಕ್ಕಿ ಕೆಡಬಾರದು. ಜಿಪ್‌ಲಾಕ್ ಕವರಿನಲ್ಲಿ ಚೀಟಿಯ ಜೊತೆ ಹಾಕಿ, ಅದನ್ನು ಇನ್ನೊಂದು ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡಬೇಕು. ಇಲ್ಲಿ ನಮ್ಮನೆಯಲ್ಲಿ ಯುದ್ಧವೇ ಆಯಿತು. "ಕಾಯಿತುರಿ ಪಕ್ಕ ಹೆಣ ಇಡ್ತೀಯೇನೇ, ಅದೂ ಹಬ್ಬದ ಹೊತ್ತಿಗೆ?" ಕೊನೆಗೆ ಪಕ್ಕದ ಮನೆಯ ಅಜ್ಜಿ, ಅವರ ಫ್ರೀಜರ್‌ನಲ್ಲಿ ಮೀನು ಮಾಂಸದ ಜೊತೆ ಒಂದು ಮೂಲೆ ಕೊಟ್ಟರು. ಮ್ಯೂಸಿಯಂನವರು ಬುಧವಾರ ತೆಗೆದುಕೊಂಡರು. ಅವರು ಮೊದಲು ಕೇಳಿದ್ದು ಚೀಟಿ ಇದೆಯಾ ಎಂದು, ಆಮೇಲೆ ಹಕ್ಕಿ.

ಎರಡನೆಯದು, ಅವರಿಗೆ ಬೇಡವಾದರೆ ಮಣ್ಣು ಮಾಡುವುದು. ಅರ್ಧ ಅಡಿಯಾದರೂ ಆಳ ಇರಲಿ, ಮೇಲೊಂದು ಕಲ್ಲು, ಇಲ್ಲದಿದ್ದರೆ ರಕೂನ್ ಬಂದು ಕೆದಕುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಎರಡು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಬಹುದು. ಕೈ ಸೋಪಿನಲ್ಲಿ ತೊಳೆಯಿರಿ. ಅಮ್ಮ ಸ್ನಾನವನ್ನೇ ಮಾಡಿಸಿದಳು. ಒಂದರ ಬದಲು ನಾಲ್ಕೈದು ಹಕ್ಕಿ ಒಟ್ಟಿಗೆ ಸತ್ತು ಬಿದ್ದಿದ್ದರೆ ಅದು ಬೇರೆ ಮಾತು, ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಗೆ ತಿಳಿಸಿ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಆನ್‌ಲೈನ್ ಫಾರಂ ಇದೆ.

ಯಾಕೆ ಸತ್ತಿತು

ಕಿಟಕಿಯ ಕೆಳಗೆ ಸಿಕ್ಕರೆ ಗಾಜು ನೋಡಿ, ಬೂದಿ ಮೆತ್ತಿದಂತೆ ಗುರುತು ಇರಬಹುದು. ಅಮೆರಿಕದಲ್ಲಿ ವರ್ಷಕ್ಕೆ 36 ಕೋಟಿಯಿಂದ ಸುಮಾರು 100 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆ ಎಂದು 2014ರ ಒಂದು ಅಧ್ಯಯನ ಅಂದಾಜಿಸಿತ್ತು. ಗಾಜಿನ ಹೊರಗಡೆ ಎರಡು ಇಂಚಿಗೊಂದರಂತೆ ಚುಕ್ಕೆ ಅಂಟಿಸಿದರೆ ಕಡಿಮೆಯಾಗುತ್ತದೆ, ಒಂದು ದೊಡ್ಡ ಗಿಡುಗನ ಸ್ಟಿಕ್ಕರ್ ಅಂಟಿಸಿ ಕೂತರೆ ಪ್ರಯೋಜನ ಇಲ್ಲ. ಫೀಡರನ್ನು ಕಿಟಕಿಗೆ ಮೂರಡಿಯೊಳಗೆ ಇಡಿ, ಅಷ್ಟು ಹತ್ತಿರದಿಂದ ಹಾರಿದರೆ ಜೋರಾಗಿ ಬಡಿಯುವಷ್ಟು ವೇಗ ಬರುವುದಿಲ್ಲ. ಗರಿ ಒದ್ದೆ, ಕೆದರಿದೆ, ಸಣ್ಣ ತೂತು ಇದೆ ಎಂದರೆ ಬೆಕ್ಕು.

ನಾಲಿಗೆ ಊದಿ ಹೊರಗೆ ಬಂದಿದ್ದರೆ ಫೀಡರನ್ನು ಅನುಮಾನಿಸಿ. ಕೊಳೆತ ಸಕ್ಕರೆ ನೀರಿನಿಂದ ಬಾಯಿಗೆ ಬೂಷ್ಟು ಸೋಂಕು ಬರುತ್ತದೆ. ನಮ್ಮವರಿಗೆ ಇಲ್ಲಿ ಒಂದು ವಿಶೇಷ ಸೂಚನೆ. ಬೆಲ್ಲ ಹಾಕಬೇಡಿ, ಜೇನು ಹಾಕಬೇಡಿ, "ಬಿಳಿ ಸಕ್ಕರೆ ವಿಷ" ಎಂಬ ಮಾತು ಈ ಹಕ್ಕಿಗೆ ಅನ್ವಯಿಸುವುದಿಲ್ಲ. ಬೆಲ್ಲದ ಕಬ್ಬಿಣದ ಅಂಶ ಅದಕ್ಕೆ ಆಗಿಬರುವುದಿಲ್ಲ, ಜೇನಿನ ನೀರಿನಲ್ಲಿ ಬೂಷ್ಟು ಬೇಗ ಬರುತ್ತದೆ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಕೆಂಪು ಬಣ್ಣ ಬೇಡ, ಸೆಕೆಯಲ್ಲಿ ಎರಡು ದಿನಕ್ಕೊಮ್ಮೆ ತೊಳೆದು ಬದಲಿಸಿ.

ನಮ್ಮ ಹಕ್ಕಿಯ ಕೊಕ್ಕಿಗೆ, ನೆತ್ತಿಗೆ ಜೇಡರ ಬಲೆ ಅಂಟಿತ್ತು, ಎದೆಯ ಮೂಳೆ ಚೂಪಾಗಿ ಕೈಗೆ ಸಿಗುತ್ತಿತ್ತು. ಅಂದರೆ ಚಾವಣಿಗೆ ಬಡಿದುಕೊಂಡು ಹಾರಿ ಹಾರಿ, ಹೊಟ್ಟೆಗಿಲ್ಲದೆ ಸತ್ತದ್ದು. ಗ್ಯಾರೇಜಿನೊಳಗೆ ಅದಕ್ಕೇನು ಕೆಲಸ ಎಂದು ಅಮ್ಮ ಕೇಳಿದಳು. ತಲೆ ಎತ್ತಿ ನೋಡಿದೆ. ಬಾಗಿಲಿನ ಮೋಟರಿನಿಂದ ಒಂದು ಹಗ್ಗ, ಅದರ ತುದಿಗೆ ಕೆಂಪು ಪ್ಲಾಸ್ಟಿಕ್ ಹಿಡಿ. ಕರೆಂಟು ಹೋದಾಗ ಬಾಗಿಲು ಬಿಡಿಸಿಕೊಳ್ಳಲು ಇರುವುದು ಅದು, ಹೆಚ್ಚುಕಡಿಮೆ ಎಲ್ಲಾ ಗ್ಯಾರೇಜಿನಲ್ಲೂ ಇರುತ್ತದೆ. ಹಮ್ಮಿಂಗ್‌ಬರ್ಡ್ ಕಣ್ಣಿಗೆ ಅದು ಹೂವು. ಒಳಗೆ ಬಂದು, ಹೂವಲ್ಲ ಎಂದು ಗೊತ್ತಾಗಿ, ಗಾಬರಿಯಾದಾಗ ಮೇಲಕ್ಕೇ ಹಾರುತ್ತದೆ. ಬಾಗಿಲು ಎಷ್ಟೇ ಅಗಲ ತೆರೆದಿದ್ದರೂ ಅದರ ಅಂಚು ಚಾವಣಿಗಿಂತ ಕೆಳಗಿದೆ ಅಲ್ವಾ, ಅಷ್ಟು ಕೆಳಗಿಳಿಯಬೇಕು ಎಂದು ಅದಕ್ಕೆ ತೋಚುವುದಿಲ್ಲ.

ಜೀವಂತ ಇರುವಾಗಲೇ ಕಂಡರೆ, ಒಳಗಿನ ದೀಪ ಆರಿಸಿ, ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಹತ್ತಿರ ಫೀಡರೋ ಕೆಂಪು ಹೂವಿನ ಕುಂಡವೋ ಇಟ್ಟು ನೀವು ಆಚೆ ಹೋಗಿ. ಪೊರಕೆ ಬೀಸಬೇಡಿ, ಇನ್ನೂ ಮೇಲಕ್ಕೆ ಹೋಗುತ್ತದೆ. ಆ ಕೆಂಪು ಹಿಡಿಯನ್ನು ಮಾತ್ರ ಕತ್ತರಿಸಬೇಡಿ, ಅದು ನಿಮ್ಮ ಜೀವಕ್ಕೂ ಬೇಕಾದದ್ದು. ಕಪ್ಪು ಟೇಪ್ ಸುತ್ತಿದರೆ ಸಾಕು, ಮನೆಯವರಿಗೆಲ್ಲ ಎಲ್ಲಿದೆ ಎಂದು ಒಮ್ಮೆ ತೋರಿಸಿಡಿ. ನಾನು ಅವತ್ತು ಸಂಜೆಯೇ ಸ್ಟೂಲ್ ಹತ್ತಿ ಸುತ್ತಿದೆ, ಅಮ್ಮ ಸ್ಟೂಲ್ ಹಿಡಿದುಕೊಂಡಳು. ಎರಡನೇ ಬೇಸಿಗೆಗೆ ಸೆಕೆಗೆ ಅಂಟು ಕರಗಿ ಟೇಪ್ ಬಿಚ್ಚಿಕೊಂಡು ಕೆಂಪು ಮತ್ತೆ ಇಣುಕುತ್ತಿತ್ತು. ಈ ಸಲ ಕಪ್ಪು ಪೇಂಟ್ ಹೊಡೆದಿದ್ದೇನೆ.